ನಿಂತ ಸಾಲು

"ಏನೇ ಹೇಳಿ, ಟೀವೀಲಿ ಆ ಕೆಂಪು ಹೋದಮೇಲೆ ನನ್ನ ಬೀಪಿ ಇಳಿದಿದೆ," ಎಂದ ಬಸ್ ಡ್ರೈವರ್, ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಕಾಲು ಚಾಚಿಕೊಂಡು. "ಮೊದಲು ಸುದ್ದಿ ಹಾಕಿದ್ರೆ ಸಾಕು, ಹಿಂದಿನಿಂದ ಲಾರಿಯವನೊಬ್ಬ ಹಾರ್ನ್ ಮೇಲೆ ಕೈ ಇಟ್ಕೊಂಡೇ ಬಂದ ಹಾಗಿರ್ತಿತ್ತು. ಈಗ ನೋಡಿ, ಸಿಗ್ನಲ್ ಬೀಳೋವರೆಗೂ ಸುಮ್ಮನೆ ನಿಂತಿರೋ ಮರ್ಯಾದಸ್ಥನ ಥರ ಇದೆ."

"ಬೀಪಿ ಇಳಿದಿದ್ದು ನೀನು ಉಪ್ಪು ಬಿಟ್ಟಿದ್ದಕ್ಕೆ," ಎಂದ ಪಕ್ಕದಲ್ಲಿ ಕೂತಿದ್ದ ಪೇಂಟರ್. "ಬಣ್ಣದ ಮಾತು ನನಗೆ ಬಿಡು. ಇದು ಬರೀ ನೀಲಿ ಅಲ್ಲ, ನೀಲಿಗೆ ಒಂಚೂರು ಬೂದಿ ಬಣ್ಣ ಬೆರೆಸಿದ್ದಾರೆ. ಹಾಗೆ ಬೆರೆಸೋಕೆ ಗುಂಡಿಗೆ ಬೇಕು. ಮೊದಲ ದಿನ ಮನೆಯವರು ‘ಅಯ್ಯೋ ಮಂಕಾಯ್ತು’ ಅಂತ ನಮ್ಮ ಮೇಲೆ ಜಗಳಕ್ಕೆ ಬರ್ತಾರೆ. ಒಂದು ವಾರ ಆಗ್ಲಿ, ಕಣ್ಣು ತಾನಾಗೇ ಹೋಗಿ ಆ ಗೋಡೆ ಮೇಲೆ ಕೂತ್ಕೊಳ್ಳುತ್ತೆ. ಯಾರೋ ತಿಳಿದವರ ಕೈ ಕಣಯ್ಯ ಇದು."

ಕುರ್ಚಿಯ ಹಿಂದೆ ನಿಂತು ಗಿರಾಕಿಯೊಬ್ಬನ ಕಿವಿಯ ಸುತ್ತ ಕತ್ತರಿ ಆಡಿಸುತ್ತಿದ್ದ ಅಂಗಡಿಯ ಯಜಮಾನನಿಗೆ ಈ ಮಾತು ಕೇಳಿ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಬೀದಿಗೆ ಬೀದಿಯೇ ಅವನನ್ನು ಕತ್ತರಿಯಣ್ಣ ಎಂದು ಕರೆಯುತ್ತಿತ್ತು. ಆ ‘ಯಾರೋ ತಿಳಿದವರು’ ಯಾರೆಂಬುದು ಅಂಗಡಿಯಲ್ಲಿದ್ದವರ ಪೈಕಿ ಅವನೊಬ್ಬನಿಗೇ ಗೊತ್ತು. ಅವಳು ಅವನ ಸೊಸೆ. ಸುದ್ದಿ ಚಾನೆಲ್ಲಿನ ಹಳೆಯ ವೇಷ ಕಳಚಿ ಹೊಸದನ್ನು ತೊಡಿಸುವ ಕೆಲಸವನ್ನು ಚಾನೆಲ್ಲಿನವರು ಅವಳ ಕೈಗೆ ಕೊಟ್ಟಿದ್ದರು. ತೆರೆಯ ಬಣ್ಣ, ಮೂಲೆಯಲ್ಲಿ ಗಿರಗಿರ ತಿರುಗುತ್ತಿದ್ದ ಭೂಗೋಳದ ಬದಲಿಗೆ ಬಂದ ಪುಟ್ಟ ಕಿಟಕಿ, ಸುತ್ತಿಗೆಯ ಪೆಟ್ಟಿನ ಸದ್ದಿನ ಬದಲಿಗೆ ಬಂದ ಎರಡು ಮೆಲುಸ್ವರ, ಕೆಳಗಿನ ಬರಹದ ಸಾಲು, ಎಲ್ಲವೂ ಅವಳದೇ. ಕತ್ತರಿಯಣ್ಣನ ಮಗ ಅದೇ ಸ್ಟುಡಿಯೋದಲ್ಲಿ ದೀಪ ನೋಡಿಕೊಳ್ಳುವವನು. "ಅವಳಿಗೆ ಬೆಳಕು ಹಿಡಿಯೋಕೆ ಹೋಗಿ ತಾನೇ ಕಣ್ಣು ಕುಕ್ಕಿಸ್ಕೊಂಡು ಬಂದ" ಎಂದು ತಾಯಿ ಮಗನನ್ನು ಇವತ್ತಿಗೂ ಗೇಲಿ ಮಾಡುತ್ತಿದ್ದಳು.

ಹೊಸ ವೇಷ ತೆರೆಗೆ ಬಂದ ದಿನವೇ ಸೊಸೆ ಊರಿನ ಆ ತುದಿಯಿಂದ ಫೋನು ಮಾಡಿದ್ದಳು. "ಮಾವ, ಆಫೀಸಿನಿಂದ ಅಭಿಪ್ರಾಯ ಕೇಳಿದ್ರೆ ಜನ ಬಾಯಿಗೆ ಬಂದಿದ್ದು ಹೇಳಿ ಫೋನ್ ಇಟ್ಟುಬಿಡ್ತಾರೆ. ನಿಮ್ಮ ಅಂಗಡೀಲಿ ಕೂತವರು ಮನಸ್ಸಿನಲ್ಲಿರೋದು ಹೇಳ್ತಾರೆ. ನೀವು ಸುಮ್ಮನೆ ಕೇಳಿಸ್ಕೊಂಡು ನನಗೆ ತಲುಪಿಸಿ. ನಾನು ಮಾಡಿದ್ದು ಅಂತ ಮಾತ್ರ ಬಾಯಿ ಬಿಡಬೇಡಿ. ಗೊತ್ತಾದ್ರೆ ನಿಮ್ಮ ಕೈಯಲ್ಲಿರೋ ಕತ್ತಿ ನೋಡಿಯೇ ಹೊಗಳಿಬಿಡ್ತಾರೆ."

ಕ್ಷೌರದವನಿಗೆ ಬಾಯಿ ಮುಚ್ಚಿಕೊಂಡಿರು ಎನ್ನುವುದೂ ಒಂದೇ, ಮೀನಿಗೆ ದಡದಲ್ಲಿರು ಎನ್ನುವುದೂ ಒಂದೇ. ಆದರೂ ಕತ್ತರಿಯಣ್ಣ ಹಲ್ಲು ಕಚ್ಚಿಕೊಂಡು ತಡೆದಿದ್ದ.

ಅಂಗಡಿ ಎಂದರೆ ಒಂದೇ ಕೋಣೆ. ಮುಂದಿನ ಗೋಡೆಯ ತುಂಬ, ಈ ಮೂಲೆಯಿಂದ ಆ ಮೂಲೆಯವರೆಗೆ, ಕನ್ನಡಿ. ಅದರ ಎದುರಿಗೆ ತಿರುಗುವ ಕುರ್ಚಿ. ಹಿಂದಿನ ಗೋಡೆಗೆ ಒತ್ತಿಕೊಂಡು ಕಾಯುವವರ ಬೆಂಚು, ಬೆಂಚಿನ ಮೇಲ್ಗಡೆ ಗೋಡೆಗೆ ಬಡಿದ ಟೀವಿ. ಕನ್ನಡಿಯ ಗೋಡೆಯಲ್ಲಿ ಟೀವಿಗೆ ಜಾಗವಿರಲಿಲ್ಲ. ಅದಕ್ಕೇ ಅದು ಹಿಂದೆ ಹೋಗಿತ್ತು. ಹಾಗಾಗಿ ಕುರ್ಚಿಯಲ್ಲಿ ಕೂತವರೂ, ಬೆಂಚಿನಲ್ಲಿ ಕೂತವರೂ, ನಿಂತು ಕತ್ತರಿಸುವವನೂ ಟೀವಿ ನೋಡುತ್ತಿದ್ದದ್ದು ಕನ್ನಡಿಯಲ್ಲೇ. ಎಷ್ಟೋ ವರ್ಷಗಳಿಂದ ನೋಡಿ ನೋಡಿ ಅದು ಕನ್ನಡಿ ಎನ್ನುವುದೇ ಮರೆತುಹೋಗಿತ್ತು. ಹೊಸಬರು ಯಾರಾದರೂ ಬಂದು ಕತ್ತು ಹೊರಳಿಸಿ ತಲೆಯ ಮೇಲಿನ ಟೀವಿಯತ್ತ ನೋಡಿದರೆ, "ಅಲ್ಲೇನು ನೋಡ್ತೀರಿ, ಇಲ್ಲಿ ನೋಡಿ" ಎಂದು ಹಳಬರೇ ತಿದ್ದುತ್ತಿದ್ದರು. ಅವರೆಲ್ಲರ ಮನೆಯಲ್ಲೂ ಟೀವಿ ಇತ್ತು. ರಿಮೋಟು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಗಂಡಸರ ಪಾಲಿನ ಸುದ್ದಿಯೆಲ್ಲ ಈ ಕನ್ನಡಿಯಲ್ಲೇ.

ಸುದ್ದಿ ಓದಿ ಹೇಳಲು ಅಲ್ಲಿ ಒಬ್ಬರಿದ್ದರು. ಅಂಚೆ ಹಂಚಿ ನಿವೃತ್ತರಾದವರು, ಎಲ್ಲರ ಪಾಲಿಗೂ ಅಂಚೆಯಣ್ಣ. ತೆರೆಯ ಕೆಳಗೆ ಓಡುವ ಸಾಲನ್ನು ಅವರು ಕನ್ನಡಿಯಲ್ಲೇ ಗಟ್ಟಿಯಾಗಿ ಓದುವರು. ಅಕ್ಷರಗಳೆಲ್ಲ ಹಿಂದುಮುಂದಾಗಿ, ಎಡದ ತುದಿಯಿಂದ ಒಂದೊಂದೇ ಒಳಗೆ ಬಂದು ಬಲಕ್ಕೆ ಓಡುತ್ತಿದ್ದವು. ಒಂದು ಅಕ್ಷರ ಇಣುಕಿದ ಕೂಡಲೇ ಅಂಚೆಯಣ್ಣ ಅದರ ಜುಟ್ಟು ಹಿಡಿದುಬಿಡುವರು. ಓದುವುದಷ್ಟೇ ಅಲ್ಲ, ಪ್ರತಿ ಸುದ್ದಿಗೂ ಒಂದು ಒಗ್ಗರಣೆ. "ಮಂತ್ರಿಗಳಿಗೆ ನೆಗಡಿ. ಪಾಪ, ಮೂಗು ತೂರಿಸೋದು ಜಾಸ್ತಿಯಾಯ್ತು." ಕತ್ತಿಯ ಮೇಲೆ ಕಣ್ಣಿಟ್ಟಿರಬೇಕಾದ ಕತ್ತರಿಯಣ್ಣನಿಗೆ ತಾನಾಗಿ ಓದಲು ಬಿಡುವೆಲ್ಲಿ? ಅವನಿಗೆ ಪ್ರಪಂಚದ ಸಮಾಚಾರವೆಂದರೆ ಅಂಚೆಯಣ್ಣನ ದನಿ.

ಈಗ ತೊಂದರೆ ಹುಟ್ಟಿದ್ದೂ ಅಲ್ಲಿಯೇ. ಸೊಸೆ ಓಡುವ ಸಾಲನ್ನು ನಿಲ್ಲಿಸಿದ್ದಳು. ಹೊಸ ವೇಷದಲ್ಲಿ ಒಂದು ವಾಕ್ಯ ಇಡಿಯಾಗಿ ಬಂದು, ಒಂದಷ್ಟು ಹೊತ್ತು ಅಲುಗಾಡದೆ ನಿಂತು, ಆಮೇಲೆ ಇನ್ನೊಂದಕ್ಕೆ ಜಾಗ ಬಿಡುತ್ತಿತ್ತು.

"ಬಣ್ಣ ಚೆಂದ, ಕಿಟಕಿ ಚೆಂದ, ಆ ಹುಡುಗಿ ಕೂರೋ ಮೇಜೂ ಚೆಂದ," ಎಂದರು ಅಂಚೆಯಣ್ಣ ಬೆಂಚಿನ ತುದಿಯಿಂದ. "ಆದ್ರೆ ಈ ಸಾಲಿಗೆ ಏನು ಬಂದಿದೆ ದೊಡ್ಡ ರೋಗ? ಕೇಳಿ, ಓದ್ತೀನಿ." ಕಣ್ಣು ಕಿರಿದು ಮಾಡಿ ಕನ್ನಡಿಯನ್ನು ಎಡದಿಂದ ಶುರುಮಾಡಿದರು. "ಮರ... ಬಿದ್ದ... ಮೇಲೆ... ಕಾರಿನ... ಮೇಯರ್."

"ಮರ ಬಿದ್ದ ಮೇಲೆ ಕಾರಿನ ಮೇಯರ್ ಏನಾದ?" ಎಂದ ಡ್ರೈವರ್.

"ಅದನ್ನ ಅವರನ್ನೇ ಕೇಳು! ಬಾಲ ಮೊದಲು, ತಲೆ ಆಮೇಲೆ. ತಲೆ ಎಲ್ಲಿದೆ ಅಂತ ಹುಡುಕಿಕೊಂಡು ಹೋಗೋಷ್ಟರಲ್ಲಿ ಸಾಲೇ ಬದಲಾಗಿರುತ್ತೆ. ಮೊದಲು ಹೀಗಿತ್ತಾ? ಕನ್ನಡಿ ಅದೇ, ಕಣ್ಣು ಅದೇ, ಕೂತ ಬೆಂಚೂ ಅದೇ. ಬದಲಾಗಿದ್ದು ಯಾವುದು? ಸಾಲು. ಅಂದಮೇಲೆ ತಪ್ಪು ಯಾರದು?"

ಲೆಕ್ಕ ಸರಿಯಾಗಿಯೇ ಇತ್ತು. ಅಂಚೆಯಣ್ಣ ಇನ್ನೆರಡು ಸಾಲು ಪ್ರಯತ್ನಿಸಿದರು. ಒಂದು ಪದ್ಯದ ಹಾಗೆ ಕೇಳಿಸಿತು, ಇನ್ನೊಂದು ಒಗಟಿನ ಹಾಗೆ. ಪೇಂಟರ್ ನಕ್ಕ. ಅಂಚೆಯಣ್ಣ ನಗಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ವಯಸ್ಸಾಯ್ತೇನೋ ಬಿಡಪ್ಪ," ಎಂದು ಸುಮ್ಮನಾದರು.

ಅಂದಿನಿಂದ ಅಂಗಡಿಯಲ್ಲಿ ಸುದ್ದಿ ಓದುವ ದನಿ ನಿಂತುಹೋಯಿತು. ಕತ್ತರಿಯ ಕಿಚಕಿಚ ಮಾತ್ರ ಕೇಳಿಸುತ್ತಿತ್ತು. ಕತ್ತರಿಯಣ್ಣನಿಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು. ಈ ಕಡೆ ಸೊಸೆಯ ಕೆಲಸ, ಆ ಕಡೆ ಸ್ನೇಹಿತನ ದನಿ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಹೇಳಿಕೊಂಡ. ಅವಳು ಕೈ ತಿರುವಿದಳು. "ಓದೋಕಾಗಲ್ವಂತಾ? ನಾನು ದಿನಾ ಓದ್ತಿದ್ದೀನಲ್ಲ! ಮೊದಲು ಓಡ್ತಿದ್ದಾಗ ಅರ್ಧ ಹಿಡಿಯೋಷ್ಟರಲ್ಲಿ ಇನ್ನರ್ಧ ತಪ್ಪಿಸ್ಕೊಳ್ತಿತ್ತು. ಈಗ ಒಲೆ ಹತ್ರದಿಂದಲೇ ಓದ್ತೀನಿ. ಎಷ್ಟು ಚೆನ್ನಾಗಿ ಮಾಡಿದಾಳೆ ನನ್ನ ಸೊಸೆ."

"ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದ ಗಂಡ.

"ನಾನು ಹೆತ್ತಿದ್ದು ನಿಮ್ಮ ಮಗನ್ನ. ಹೆಗ್ಗಣ ಅಂದ್ರೆ ಅವನೇ. ಅವಳು ಬಂಗಾರ."

ಕತ್ತರಿಯಣ್ಣ ಅದನ್ನು ನಂಬಲಿಲ್ಲ. ಸೊಸೆ ಬಿಳಿ ಗೋಡೆ ತೋರಿಸಿದರೂ ಅತ್ತೆ ಅದರಲ್ಲಿ ಪುರಾಣ ಓದಿಯಾಳು ಎಂದುಕೊಂಡ. ತಾನೇ ಒಂದು ಸಲ ಟೀವಿಯ ಮುಂದೆ ಕೂತು ನೋಡಬಹುದಿತ್ತು. ಆದರೆ ಬೆಳಗಿನಿಂದ ನಿಂತೇ ಇರುವವನಿಗೆ ಮನೆ ಸೇರಿದ ಮೇಲೆ ಬೆನ್ನು ನೆಲಕ್ಕೆ ತಾಗಿದರೆ ಸಾಕಾಗುತ್ತಿತ್ತು.

ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಫೋನು ಬಂತು.

"ಹೇಳಿ ಮಾವ, ಏನಂತಾರೆ?"

ಕತ್ತರಿಯಣ್ಣ ಹೊಗಳಿಕೆಯನ್ನೆಲ್ಲ ಬುಟ್ಟಿಗಟ್ಟಲೆ ಸುರಿದ. ಡ್ರೈವರನ ಬೀಪಿ, ಪೇಂಟರನ ಬೂದಿ. ಆ ಎರಡು ಸ್ವರ ಕೇಳಿದರೆ ಯಾರೋ ಬಾಗಿಲು ಮೆಲ್ಲಗೆ ತಟ್ಟಿ ಒಳಗೆ ಬರಲಾ ಎಂದು ಕೇಳಿದಂತಾಗುತ್ತದೆ ಎಂದು ಬೇಕರಿಯವನು ಅಂದದ್ದು. ಸುದ್ದಿ ಹೇಳುವ ಹುಡುಗಿ ಈಗ ಎದುರುಮನೆಯವಳ ಹಾಗೆ ಕಾಣುತ್ತಾಳೆ, ಮೊದಲು ಬೆಂಕಿ ಬಿದ್ದ ಮನೆಯಿಂದ ಓಡಿಬಂದವಳ ಹಾಗಿದ್ದಳು ಎಂದು ಇನ್ನೊಬ್ಬರು ಅಂದದ್ದು. ಸೊಸೆ ನಕ್ಕಳು, "ಅಯ್ಯೋ, ಇದನ್ನ ಅವಳಿಗೆ ಹೇಳ್ತೀನಿ" ಎಂದಳು. ಆಮೇಲೆ ಅವಳ ದನಿ ಇಳಿಯಿತು.

"ಮಾವ, ಹೊಗಳಿಕೆ ಸಾಕು. ಸಾಲಿನ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ."

ಕತ್ತರಿಯಣ್ಣ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಹೇಳಿ ಮಾವ. ನಮ್ಮ ನಿರ್ದೇಶಕರಿಗೂ ಅದೇ ಸಮಾಧಾನ ಇಲ್ಲ. ಓಡೋ ಸಾಲಿಲ್ಲದ ಸುದ್ದಿ ಚಾನೆಲ್ಲು ಚಕ್ರ ಇಲ್ಲದ ಗಾಡಿ ಅಂತಾರೆ. ಶುಕ್ರವಾರ ಮೀಟಿಂಗು. ಅವತ್ತು ಇರುತ್ತೋ ಹೋಗುತ್ತೋ ಅಂತ ತೀರ್ಮಾನ. ಬಣ್ಣ ಬದಲಾಯಿಸ್ಲಿ, ಕಿಟಕಿ ತೆಗೀಲಿ, ನನಗೆ ಬೇಜಾರಿಲ್ಲ. ಆ ಸಾಲು ಮಾತ್ರ... ನಮ್ಮಮ್ಮ ಓದೋಕೆ ಕಲಿತಿದ್ದೇ ನಾನು ಹೈಸ್ಕೂಲಿಗೆ ಹೋದಮೇಲೆ. ಬೆರಳಿಟ್ಟುಕೊಂಡು ಓದ್ತಾಳೆ. ಟೀವಿ ಸಾಲು ಓದೋಕೆ ಹೋದ್ರೆ ಎರಡನೇ ಪದಕ್ಕೆ ಬರೋ ಹೊತ್ತಿಗೆ ಅದು ಓಡಿಹೋಗಿರುತ್ತೆ. ‘ಇವರಿಗೆ ನಾನು ಓದೋದು ಬೇಡ್ವೇನೋ’ ಅನ್ನೋಳು. ಅದಕ್ಕೇ ನಿಲ್ಲಿಸಿದೆ, ಮಾವ. ಅವಳ ಬೆರಳು ಕೊನೆ ಮುಟ್ಟೋವರೆಗೂ ನಿಂತಿರ್ಲಿ ಅಂತ."

ಇದನ್ನು ಕೇಳಿದ ಮೇಲೆ ಸುಳ್ಳು ಹೇಳುವುದು ಸುಲಭವೂ ಆಯಿತು, ಅಸಾಧ್ಯವೂ ಆಯಿತು. ಅವಳಿಗೆ ಸುಳ್ಳು ಬೇಕಿದ್ದರೆ ತನಗೇಕೆ ಫೋನು ಮಾಡುತ್ತಿದ್ದಳು? ಕತ್ತರಿಯಣ್ಣ ಅಂಚೆಯಣ್ಣನ ಮಾತನ್ನು ಇದ್ದದ್ದು ಇದ್ದಹಾಗೆ ಹೇಳಿದ. ಮುಚ್ಚಿಡಲಿಲ್ಲ, ಹಚ್ಚಿಯೂ ಹೇಳಲಿಲ್ಲ. ಓಡುತ್ತಿದ್ದಾಗ ಓದುತ್ತಿದ್ದರು. ನಿಂತಮೇಲೆ ಒಬ್ಬರಿಗೂ ಓದಲಾಗುತ್ತಿಲ್ಲ.

"ಒಬ್ಬರಿಗೂ?"

"ನಮ್ಮ ಅಂಗಡೀಲಿ ಒಬ್ಬರಿಗೂ ಇಲ್ಲಮ್ಮ. ಬಾಲ ಮೊದಲು, ತಲೆ ಆಮೇಲೆ ಬರುತ್ತಂತೆ."

"ಸರಿ ಮಾವ," ಎಂದಳು ಸೊಸೆ. "ನಿಜ ಹೇಳಿದ್ರಲ್ಲ, ಅಷ್ಟೇ ಸಾಕು." ಆ ‘ಅಷ್ಟೇ ಸಾಕು’ ಅವನನ್ನು ಸಂಜೆಯವರೆಗೂ ಕಾಡಿತು. ಒಬ್ಬ ಗಿರಾಕಿಯ ಮೀಸೆಯ ಒಂದು ಕಡೆ ತುಸು ಹೆಚ್ಚೇ ಹೋಯಿತು; ಸರಿದೂಗಿಸಲು ಇನ್ನೊಂದು ಕಡೆಯನ್ನೂ ಇಳಿಸಬೇಕಾಯಿತು.

ಮರುದಿನ ಬೆಳಗ್ಗೆ ಅಂಚೆಯಣ್ಣ ಕುರ್ಚಿಯಲ್ಲಿ ಕೂತು ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡಿದ್ದರು. ಡ್ರೈವರ್, ಪೇಂಟರ್ ಬೆಂಚಿನಲ್ಲಿದ್ದರು. ಗಾಜಿನ ಬಾಗಿಲು ತಳ್ಳಿಕೊಂಡು ಸೊಸೆ ಒಳಗೆ ಬಂದಳು. ಹೆಗಲಿಗೆ ಚೀಲ, ಎರಡು ಬಸ್ಸು ಬದಲಾಯಿಸಿ ಬಂದ ದಣಿವು, ನಿದ್ದೆಯಿಲ್ಲದ ಕಣ್ಣು. ಗಂಡಸರ ಕ್ಷೌರದಂಗಡಿಗೆ ಹೆಣ್ಣುಮಗಳೊಬ್ಬಳು ಬಂದದ್ದಕ್ಕೆ ಡ್ರೈವರ್ ಚಾಚಿದ ಕಾಲನ್ನು ತಟ್ಟನೆ ಎಳೆದುಕೊಂಡ. ಮಾವನ ಅಂಗಡಿಯನ್ನು ಅವಳೂ ಬೀದಿಯಿಂದ ನೋಡಿದ್ದಳೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ.

"ಏನಮ್ಮ, ಹೇಳದೆ ಕೇಳದೆ?" ಎಂದ ಕತ್ತರಿಯಣ್ಣ ಗಾಬರಿಯಿಂದ.

"ಸಾಲು ವಾಪಸ್ ಓಡಲಿ, ನನ್ನದೇನೂ ಅಭ್ಯಂತರ ಇಲ್ಲ ಅಂತ ನಿರ್ದೇಶಕರಿಗೆ ಬರೆದಿಟ್ಟಿದ್ದೀನಿ ಮಾವ. ಇನ್ನೂ ಕಳಿಸಿಲ್ಲ. ಕಳಿಸೋ ಮುಂಚೆ, ಎಲ್ಲಿ ಎಡವ್ತಾರೆ ಅಂತ ಒಂದು ಸಲ ಕಣ್ಣಾರೆ ನೋಡೋಣ ಅಂತ ಬಂದೆ."

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಕತ್ತರಿಯಣ್ಣ ಅಷ್ಟು ದಿನ ಬಿಗಿಹಿಡಿದಿದ್ದ ಉಸಿರನ್ನು ಒಮ್ಮೆಗೇ ಬಿಟ್ಟ. "ನಮ್ಮ ಸೊಸೆ. ನೀವು ಹೇಳ್ತಿದ್ರಲ್ಲ, ಯಾರೋ ತಿಳಿದವರು ಅಂತ, ಇವಳೇ ಅದು!"

ಪೇಂಟರ್ ಎದ್ದುನಿಂತ. "ನೀವೇನಾ ತಾಯಿ ಆ ನೀಲಿ?"

"ನಾನು ಮೊದಲೇ ಹೇಳಿರಲಿಲ್ವಾ," ಎಂದ ಡ್ರೈವರ್, ಏನು ಹೇಳಿದ್ದನೆಂದು ಅವನಿಗೇ ನೆನಪಿಲ್ಲದಿದ್ದರೂ. "ಸಾಲು ಅಂದ್ರೆ ಅದಮ್ಮ ಸಾಲು! ಹೀಗೆ ನಿಂತಿದ್ರೆ ಎಷ್ಟು ಗಂಭೀರ!"

"ಏಯ್, ಮೊನ್ನೆ ಮೇಯರನ್ನ ಹುಡುಕ್ತಿದ್ದೆಯಲ್ಲೋ," ಎಂದರು ಅಂಚೆಯಣ್ಣ ನೊರೆಯ ನಡುವಿನಿಂದ. "ಊಸರವಳ್ಳಿ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕು." ಆಮೇಲೆ ಕನ್ನಡಿಯಲ್ಲೇ ಸೊಸೆಯ ಮುಖ ನೋಡಿ ಹೇಳಿದರು. "ನೀನಾ ಮಾಡಿದ್ದು ಮಗು? ಹಾಗಾದ್ರೆ ನಿನಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಎಲ್ಲ ಚೆಂದ. ಮನೆ ಕಟ್ಟಿದ್ದೀಯ, ಬಣ್ಣ ಹೊಡೆದಿದ್ದೀಯ, ಕಿಟಕಿ ಇಟ್ಟಿದ್ದೀಯ. ಬಾಗಿಲು ಮಾತ್ರ ಹಿತ್ತಲಲ್ಲಿ ಇಟ್ಟುಬಿಟ್ಟಿದ್ದೀಯ."

ಸೊಸೆಗೆ ಬೇಜಾರಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬರು ಮುಖಕ್ಕೆ ನೇರವಾಗಿ ಮಾತಾಡಿದ್ದು ಕೇಳಿ ಅವಳ ಮೋರೆ ಸ್ವಲ್ಪ ಗೆಲುವಾಯಿತು. "ಓದಿ ತೋರಿಸ್ತೀರಾ ಅಂಕಲ್? ಹೇಗೆ ಓದ್ತೀರೋ ಹಾಗೇ."

ಅಂಚೆಯಣ್ಣ ಕನ್ನಡಕ ಹಾಕಿಕೊಂಡರು. ನೊರೆ ಮೆತ್ತಿದ ಮುಖದ ಮೇಲೆ ಕನ್ನಡಕ ಮಾತ್ರ ತೇಲಿತು. "‘ನೌಕರರು... ಗ್ರಂಥಾಲಯ... ಹಿಡಿದ... ಕೋತಿ...’ ನೋಡಿದ್ಯಾ?"

ಸೊಸೆ ಅವರ ಕಣ್ಣು ಹೋದ ದಾರಿಯಲ್ಲೇ ತನ್ನ ಕಣ್ಣನ್ನೂ ಕಳಿಸಿದಳು. ಕನ್ನಡಿ. ಕನ್ನಡಿಯೊಳಗೆ ಅವಳದೇ ಕಿಟಕಿ, ತಪ್ಪು ಮೂಲೆಯಲ್ಲಿ. ಅವಳದೇ ಸಾಲು, ಮಗ್ಗುಲು ಮಗುಚಿಕೊಂಡು. ಮೆಲ್ಲಗೆ ಹಿಂದೆ ತಿರುಗಿ ಬೆಂಚಿನ ಮೇಲಿನ ಟೀವಿ ನೋಡಿದಳು. ಮತ್ತೆ ಕನ್ನಡಿ ನೋಡಿದಳು. ಬೆಂಚು ನೋಡಿದಳು, ಕುರ್ಚಿ ನೋಡಿದಳು, ಮಾವನನ್ನು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಕತ್ತರಿಯಣ್ಣನಿಗೆ ಗೊತ್ತಾಗಲಿಲ್ಲ. ಹೆಗಲ ಚೀಲ ಅಲುಗುತ್ತಿತ್ತು.

"ಮಾವ," ಎಂದಳು ಕೊನೆಗೆ, "ಕುರ್ಚಿ ತಿರುಗುತ್ತಲ್ವಾ?"

"ತಿರುಗ್ದೆ ಏನಮ್ಮ."

"ಅಂಕಲನ್ನ ಪೂರ್ತಿ ಹಿಂದಕ್ಕೆ ತಿರುಗಿಸಿ."

ಕತ್ತರಿಯಣ್ಣ ಕುರ್ಚಿಯ ಬೆನ್ನು ಹಿಡಿದು ತಿರುಗಿಸಿದ. ನೊರೆ ಮುಖದ ಅಂಚೆಯಣ್ಣ ಜಾತ್ರೆ ತೊಟ್ಟಿಲಲ್ಲಿ ಕೂತವರ ಹಾಗೆ ಸುತ್ತಿಬಂದು ಟೀವಿಗೆ ಮುಖಾಮುಖಿಯಾಗಿ ನಿಂತರು. ತೆರೆಯ ಮೇಲೆ ಸಾಲು ನಿಂತಿತ್ತು.

"‘ಕೋತಿ ಹಿಡಿದ ಗ್ರಂಥಾಲಯ ನೌಕರರು,’" ಎಂದು ಓದಿದರು. ದನಿಯಲ್ಲಿ ಎಡವುವಿಕೆಯೇ ಇರಲಿಲ್ಲ. ಸಾಲು ಬದಲಾಯಿತು. "‘ಬೆಳಗಿನ ರೈಲು ಇನ್ನು ಹತ್ತು ನಿಮಿಷ ಮೊದಲು.’" ಇನ್ನೊಂದು ಬಂತು. "‘ಮೇಯರ್ ಕಾರಿನ ಮೇಲೆ ಬಿದ್ದ ಮರ: ಎಲ್ಲರೂ ಕ್ಷೇಮ.’"

"ಬದುಕಿದಾನಾ!" ಎಂದ ಡ್ರೈವರ್.

ಬೆಂಚಿನವರಿಬ್ಬರೂ ಎದ್ದು ಬಂದು ಕುರ್ಚಿಯ ಪಕ್ಕ ನಿಂತು ತಾವೂ ಓದಿದರು. ಎಲ್ಲರಿಗೂ ಬಂತು. ಓದಿ ಮುಗಿದ ಮೇಲೂ ಸಾಲು ನಿಂತೇ ಇತ್ತು, ಇನ್ನೊಮ್ಮೆ ಓದಿ ಎನ್ನುವಂತೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇಷ್ಟು ವರ್ಷ ಟೀವಿಗೆ ಬೆನ್ನು ಹಾಕಿ ಕೂತು ಟೀವಿ ನೋಡಿದವರು ಮುಖ ಎಲ್ಲಿಟ್ಟುಕೊಳ್ಳಬೇಕು?

"ಏನ್ ನಿಧಾನ ಮಗು ಇದು," ಎಂದರು ಅಂಚೆಯಣ್ಣ, ಮೆಲ್ಲಗೆ. "ಕಾಗದ ಕೊಟ್ಟು, ಓದೋವರೆಗೂ ಬಾಗಿಲಲ್ಲೇ ನಿಂತಿರೋ ಹಾಗೆ. ನಾನೂ ಕೆಲವರ ಮನೇಲಿ ಹಾಗೇ ನಿಲ್ತಿದ್ದೆ."

ಸೊಸೆಗೆ ಬೇರೆಯದೇ ಒಂದು ಅಚ್ಚರಿ ಹಿಡಿದಿತ್ತು. "ಅದಿರಲಿ, ಮೊದಲು ಹೇಗೆ ಓದ್ತಿದ್ರಿ? ಓಡೋ ಸಾಲನ್ನ, ಕನ್ನಡಿಯಲ್ಲಿ? ಹಾಗೆ ಓದೋಕೆ ಯಾರಿಗೂ ಸಾಧ್ಯ ಇಲ್ಲ."

"ಸಾಧ್ಯ ಇಲ್ವಾ?" ಅಂಚೆಯಣ್ಣನ ಬೆನ್ನು ನೆಟ್ಟಗಾಯಿತು. "ಲೋ ಕತ್ತರಿ, ತಿರುಗಿಸೋ ನನ್ನ. ಇನ್ನೊಂದು ಚಾನೆಲ್ಲು ಹಾಕು, ಆ ಗಲಾಟೆದು."

ಕುರ್ಚಿ ಮತ್ತೆ ಸುತ್ತಿತು. ಚಾನೆಲ್ಲು ಬದಲಾಯಿತು. ಕನ್ನಡಿಯಲ್ಲಿ ಕೆಂಪು ಚಿಮ್ಮಿತು, ಸುತ್ತಿಗೆ ಬಿತ್ತು, ಕೆಳಗೆ ಹಿಂದುಮುಂದಾದ ಅಕ್ಷರಗಳು, ವಾಕ್ಯದ ತಲೆ ಮೊದಲು ಬಾಲ ಆಮೇಲೆ, ಎಡದಿಂದ ನುಗ್ಗಿಬಂದವು. ಅಂಚೆಯಣ್ಣ ಉಸಿರೆಳೆದುಕೊಂಡು ಸುರಿಮಳೆಯಂತೆ ಓದುತ್ತ ಹೋದರು. ಚಿನ್ನದ ಬೆಲೆ, ಚುನಾವಣೆ, ಚಿತ್ರನಟನ ಮೊಣಕಾಲು, ಒಂದೂ ಬಿಡಲಿಲ್ಲ. ನಡುನಡುವೆ ಒಗ್ಗರಣೆಯೂ ಬಿತ್ತು. ಸೊಸೆ ಕನ್ನಡಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ತಾನೂ ಓದಲು ನೋಡಿದಳು. "ಚಿ... ಅಲ್ಲ, ಬೆ... ಅಯ್ಯೋ ಹೋಯ್ತು." ಇನ್ನೊಮ್ಮೆ ನೋಡಿದಳು. ಅದೂ ಹೋಯಿತು. ತಿರುಗಿ ನಿಂತು ಚಪ್ಪಾಳೆ ತಟ್ಟಿದಳು.

"ನಿಮ್ಮಂಥವರು ಇದಾರೆ ಅಂತ ನಮ್ಮ ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಅಂಕಲ್! ಇದು ವಿದ್ಯೆ. ನಾನು ನಿಲ್ಲಿಸಿ ನಿಮ್ಮ ವಿದ್ಯೆ ಹಾಳು ಮಾಡಿದೆನಲ್ಲ."

"ಹೋಗ್ಲಿ ಬಿಡಮ್ಮ," ಎಂದರು ಅಂಚೆಯಣ್ಣ. ಆದರೆ ಹಿಗ್ಗಿ ಹೀರೆಕಾಯಿಯಾಗಿದ್ದರು. ನೊರೆಯ ಅಡಿಯಲ್ಲಿ ಕೆನ್ನೆಗಳು ಮೇಲೇರಿದ್ದು ಎಲ್ಲರಿಗೂ ಕಾಣಿಸಿತು. "ಬೈಸಿಕಲ್ಲಿನ ಮೇಲೆ ಕೈ ಬಿಟ್ಟು ಹೋಗೋದೂ ವಿದ್ಯೆನೇ. ಹಾಗಂತ ಎಲ್ಲರೂ ಹಾಗೆ ಹೋಗಬೇಕಾ? ಆ ಗಲಾಟೆ ತೆಗೆಯೋ ಕತ್ತರಿ. ನಮ್ಮದು ಹಾಕು."

ನಮ್ಮದು ಎಂದರಲ್ಲ, ಕತ್ತರಿಯಣ್ಣನಿಗೆ ಅದೊಂದು ಮಾತಿಗೆ ಇಡೀ ವಾರದ ದಣಿವು ಇಳಿಯಿತು. ಟೀವಿಯಲ್ಲಿ ಬೂದಿ ಬೆರೆತ ನೀಲಿ ಮರಳಿತು. ಎರಡು ಸ್ವರ ಮೆಲ್ಲಗೆ ಬಾಗಿಲು ತಟ್ಟಿದವು.

ಸೊಸೆ ಚೀಲದಿಂದ ಫೋನು ತೆಗೆದಳು. ರಾತ್ರಿಯೆಲ್ಲ ಕೂತು ಬರೆದದ್ದನ್ನು ಒಮ್ಮೆ ನೋಡಿ, ಬೆರಳೊತ್ತಿ, ಅಳಿಸಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ನಿಂತಳು. "ನಿರ್ದೇಶಕರಿಗೆ ಫೋನ್ ಮಾಡ್ತೀನಿ. ನೋಡುಗರು ಸಾಲಿನ ಬಗ್ಗೆ ಏನಂತಾರೆ ಅಂತ ಕೇಳೇ ಕೇಳ್ತಾರೆ. ಏನು ಹೇಳ್ಲಿ ಅಂಕಲ್?"

ಅಂಚೆಯಣ್ಣ ಹೆಚ್ಚು ಹೊತ್ತು ಯೋಚಿಸಲಿಲ್ಲ. "ಸಾಲು ಸರಿಯಾದ ಜಾಗದಲ್ಲೇ ನಿಂತಿದೆ, ಬೆಂಚು ತಪ್ಪು ಗೋಡೆಗಿತ್ತು ಅಂತ ಹೇಳಮ್ಮ."

ಅವಳು ನಗುತ್ತ ಹೊರಗೆ ಹೋದಳು. ಗಾಜಿನ ಆಚೆ ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ಅಲ್ಲೇ ನಿಲ್ಲಿಸಿ ತೋರಿಸುತ್ತಿದ್ದಳು, ನಿರ್ದೇಶಕರು ಎದುರಿಗೇ ಇದ್ದಾರೇನೋ ಎಂಬಂತೆ. ಒಳಗೆ ಡ್ರೈವರ್ ಒಂದು ತುದಿ, ಪೇಂಟರ್ ಇನ್ನೊಂದು ತುದಿ ಹಿಡಿದು ಬೆಂಚನ್ನು ಎತ್ತಿ ಕನ್ನಡಿಯ ಗೋಡೆಗೆ ಸಾಗಿಸತೊಡಗಿದರು. ಸೀಸೆಗಳಿಗೆ ತಾಗಿತು, ಮೊಣಕಾಲಿಗೆ ಬಡಿಯಿತು, ಒಬ್ಬರಿಗೊಬ್ಬರು ದಾರಿ ಹೇಳಿಕೊಂಡರು.

ಕತ್ತರಿಯಣ್ಣ ಕುರ್ಚಿಯನ್ನು ಟೀವಿಯತ್ತ ತಿರುಗಿಸಿ, ಒಣಗಿದ ನೊರೆಯ ಮೇಲೆ ಹೊಸ ನೊರೆ ಹಚ್ಚಿ, ಅಂಚೆಯಣ್ಣನ ಮೂಗು ಹಿಡಿದು ಮೇಲ್ದುಟಿಯ ಮೇಲೆ ಕತ್ತಿ ಇಟ್ಟ. ಅವರ ಬಾಯಿ ಮುಚ್ಚಿತ್ತು. ಒಂದು ಎಳೆತ ಎಳೆದು ಕತ್ತಿ ಒರೆಸುವಾಗ ತಲೆಯೆತ್ತಿದ. ಸಾಲು ನಿಂತಿತ್ತು. ತುಟಿ ಅಲುಗಿಸುತ್ತ, ಒಂದೊಂದೇ ಪದವಾಗಿ, ಅವನು ಅದನ್ನು ತಾನೇ ಓದಿದ. ಹಳೆ ಪೇಟೆಗೆ ಇಂದು ಮಧ್ಯಾಹ್ನದಿಂದ ನೀರಿಲ್ಲ. ಹಳೆ ಪೇಟೆ ಎಂದರೆ ಅವರದೇ. ಅವನು ಕತ್ತಿಯನ್ನು ಪಕ್ಕಕ್ಕಿಟ್ಟ. ಹಿಂಬದಿಗೆ ಹೋಗಿ ದೊಡ್ಡ ಬಕೆಟ್ಟನ್ನು ನಲ್ಲಿಯ ಕೆಳಗೆ ಎಳೆದು ನಲ್ಲಿ ತಿರುಪಿದ. ನೀರು ಧಡಧಡನೆ ತಳಕ್ಕೆ ಬಿದ್ದು ತುಂಬತೊಡಗಿತು.